ಎದುರು ಗುಡ್ಡದ ಟವರ್ ‘ಪೂರ್ತಿ ಸ್ವದೇಶಿ’ ಅಂತಾರೆ. ಏನೇನು ನಮ್ಮದು?

ಪ್ರಶ್ನೆ: ಅಡಿಕೆಚೊಗರು

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ತಾಲ್ಲೂಕು. ಆಗುಂಬೆ ರಸ್ತೆ ಬಿಟ್ಟು ಏಳು ಕಿಲೋಮೀಟರ್ ಒಳಗೆ ಬರಬೇಕು. ನಾಲ್ಕು ಎಕರೆ ಅಡಿಕೆ ತೋಟ, ವಯಸ್ಸು ಐವತ್ತೆಂಟು, ಓದಿದ್ದು ಪಿಯುಸಿ. ಪ್ರಶ್ನೆ ದಡ್ಡತನದ್ದು ಅನಿಸಿದರೆ ಬೈಬೇಡಿ.

ನಮ್ಮ ಮನೆ ಬಟ್ಟಲಿನ ತಳದಲ್ಲಿ ಇಟ್ಟ ಹಾಗೆ ಇದೆ. ಸುತ್ತ ಗುಡ್ಡ, ನಡುವೆ ತೋಟ. ಇಷ್ಟು ವರ್ಷ ಫೋನ್ ಮಾಡಬೇಕು ಅಂದರೆ ಕೊಟ್ಟಿಗೆ ಹಿಂದಿನ ಧರೆ ಹತ್ತಿ ಹೊನ್ನೆ ಮರದ ಬುಡಕ್ಕೆ ಹೋಗಬೇಕಿತ್ತು. ಅಲ್ಲೊಂದು ಕಲ್ಲಿದೆ. ಕೂತರೆ ಎರಡು ಕಡ್ಡಿ, ಎದ್ದು ನಿಂತರೆ ಮಾತು ಕಟ್. ಯಾಕೆ ಹಾಗೆ ಅಂತ ಇವತ್ತಿಗೂ ಗೊತ್ತಿಲ್ಲ. 2020ರಲ್ಲಿ ಶಾಲೆ ಮುಚ್ಚಿದಾಗ ಚಿಕ್ಕ ಮಗಳು ಎಂಟನೇ ಕ್ಲಾಸು. ಅದೇ ಕಲ್ಲಿನ ಮೇಲೆ ಕೂತು ಆನ್‌ಲೈನ್ ಪಾಠ ಕೇಳಿದಳು. ಅವಳಿಗೆ ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈ ಉಂಬಳ ಕೀಳೋಕೆ. ಕೊಡೆ ಹಿಡಿಯೋದು ನನ್ನ ಕೆಲಸ. ಸಮೀಕರಣ ಎಲ್ಲಾ ನನಗೂ ಅರ್ಧಂಬರ್ಧ ಬಂತು.

ಈಗ ಎದುರು ಗುಡ್ಡದ ನೆತ್ತಿಯಲ್ಲಿ ಹೊಸ ಟವರ್ ನಿಂತಿದೆ. ಬಿಎಸ್‌ಎನ್‌ಎಲ್ 4ಜಿ. 2025ರ ಸೆಪ್ಟೆಂಬರ್ 27ರಂದು ಪ್ರಧಾನಿ ಒಡಿಶಾದ ಝಾರ್ಸುಗುಡದಲ್ಲಿ 97,500 ಟವರ್ ಉದ್ಘಾಟನೆ ಮಾಡಿದರಲ್ಲ, ಇದೂ ಅದೇ ಜಾತಿಯದು, ಪೂರ್ತಿ ಸ್ವದೇಶಿ ಅಂತ ಕೆಲಸಕ್ಕೆ ಬಂದ ಹುಡುಗರು ಹೇಳಿದರು. ನನಗೆ ಖುಷಿ ಆಯ್ತು. ಹಿರಿ ಅಳಿಯ ಬೆಂಗಳೂರಲ್ಲಿ ಸಾಫ್ಟ್‌ವೇರ್. ಹಬ್ಬಕ್ಕೆ ಬಂದವನಿಗೆ ತೋರಿಸಿದರೆ ನಕ್ಕುಬಿಟ್ಟ. “ಮಾವ, ಒಳಗಿರೋ ಚಿಪ್ಪೆಲ್ಲ ಹೊರದೇಶದ್ದು. ಮೇಲೆ ನಮ್ಮ ಸ್ಟಿಕ್ಕರ್ ಅಷ್ಟೇ” ಅಂದ. ಊಟದ ಹೊತ್ತಲ್ಲಿ ವಾದ ಯಾಕೆ ಅಂತ ಸುಮ್ಮನಾದೆ. ಆದರೆ ತಲೆಯಲ್ಲಿ ಕೊರೀತಾ ಇದೆ.

ಹಾಗಾಗಿ ತಿಳಿದವರು ಹೇಳಿ. ನಿಜವಾಗಿ ಏನು ನಮ್ಮದು, ಏನು ಅಲ್ಲ? ದೇಶದ ಮೊದಲ 4ಜಿ ಕೊಲ್ಕತ್ತಾದಲ್ಲಿ ಶುರುವಾಗಿದ್ದು 2012ರಲ್ಲಂತೆ. ನಾವೇ ಮಾಡಿಕೊಳ್ಳೋಕೆ ಹದಿಮೂರು ವರ್ಷ ಯಾಕೆ ಬೇಕಾಯ್ತು?

ಇನ್ನೊಂದು ಸಣ್ಣ ವಿಷಯ. ನನ್ನ ಫೋನಿನಲ್ಲಿ ಅಂಗಳದಲ್ಲಿ 4ಜಿ ತೋರಿಸುತ್ತೆ, ಹೊಸಿಲು ದಾಟಿ ಒಳಗೆ ಬಂದರೆ ಮಾಯ. ಮಗಳ ಫೋನಿಗೆ ಅಡುಗೆಮನೆಯಲ್ಲೂ ಬರುತ್ತೆ. ಇಬ್ಬರದ್ದೂ ಒಂದೇ ಕಂಪನಿ ಸಿಮ್. ಮಳೆ ಸಿಗ್ನಲ್ ತಿನ್ನುತ್ತೆ ಅಂತಾರೆ ಪಕ್ಕದ ಮನೆಯವರು. ಹಾಗಾದರೆ ಮಗಳ ಫೋನ್ ಮಳೆಯಲ್ಲಿ ನೆನೆಯಲ್ವಾ?

ಉತ್ತರ 1: ಟವರ್‌ಮಂಜ

ಯಜಮಾನ್ರೇ, ಸಣ್ಣ ವಿಷಯದಿಂದಲೇ ಶುರು ಮಾಡ್ತೀನಿ. ದೊಡ್ಡದು ನನ್ನ ಕೈಗೆ ಎಟುಕೋದಿಲ್ಲ. ನಾನು ರಿಗ್ಗರ್. ಕಂಬ ಹತ್ತಿ ಡಬ್ಬಿ ಕಟ್ಟೋನು. ಶಿವಮೊಗ್ಗ, ಉತ್ತರ ಕನ್ನಡ ಕಡೆ ಈ ಹೊಸ 4ಜಿ ಸೈಟುಗಳಲ್ಲೇ ಕೆಲಸ ಮಾಡಿದ್ದೀನಿ. ನಿಮ್ಮ ಗುಡ್ಡಕ್ಕೆ ಬಂದಿದ್ದು ನಾನಲ್ಲ.

ಟವರ್ ಕಡೆ ಒಂದ್ಸಲ ಕಣ್ಣು ಹಾಯಿಸಿ. ಮೇಲೆ ಮೂರು ದಿಕ್ಕಿಗೆ ಉದ್ದದ ಬಿಳಿ ಹಲಗೆ ಕಾಣುತ್ತಲ್ಲ, ಅದು ಆಂಟೆನಾ. ಒಂದೊಂದು ದಿಕ್ಕಿಗೆ ನಾವು ಸೆಕ್ಟರ್ ಅಂತೀವಿ. ಆಂಟೆನಾ ಬೆನ್ನಿಗೆ ಗೀರು ಗೀರಾಗಿರೋ ಅಲ್ಯೂಮಿನಿಯಂ ಡಬ್ಬಿ ಇರುತ್ತೆ. ಅದೇ ರೇಡಿಯೋ. ಗೀರು ಇರೋದು ಬಿಸಿ ಹೊರಗೆ ಹೋಗೋಕೆ. ಅಲ್ಲಿಂದ ಕೆಳಗಿನ ಪೆಟ್ಟಿಗೆಗೆ ಫೈಬರ್ ಇಳಿದಿರುತ್ತೆ. ಕೆಳಗಿನದು ಮಿದುಳು, ಮೇಲಿನದು ಬಾಯಿ-ಕಿವಿ ಅಂದುಕೊಳ್ಳಿ.

ನಿಮ್ಮ ಸೈಟಿನಲ್ಲಿ 700 ಮತ್ತು 2100 ಎರಡೂ ಇರಬೇಕು. ಮೆಗಾಹರ್ಟ್ಸ್ ಲೆಕ್ಕ. 700ರ ಅಲೆ ಉದ್ದ, ಗೋಡೆ, ಮರ ದಾಟಿ ಒಳಗೆ ಬರುತ್ತೆ. 2100ಕ್ಕೆ ಆ ಶಕ್ತಿ ಕಡಿಮೆ. ನಿಮ್ಮ ಫೋನಿಗೆ 700 ಓದೋಕೆ ಬರೋದಿಲ್ಲ ಅಂತ ನನ್ನ ಅನುಮಾನ. ಅಂಗಳದಲ್ಲಿ 2100 ಹಿಡೀತಾ ಇದೆ, ಒಳಗೆ ಅದು ಸಾಯ್ತಾ ಇದೆ. ಫೋನಿನ ಡಬ್ಬಿ ಇಟ್ಟಿದ್ದರೆ ಹಿಂದೆ ಬ್ಯಾಂಡ್ ಪಟ್ಟಿ, ಅಂದರೆ ಫೋನು ಯಾವ ಯಾವ ಅಲೆ ಹಿಡಿಯುತ್ತೆ ಅನ್ನೋ ನಂಬರುಗಳು ಇರಬಹುದು. ಅದರಲ್ಲಿ 28 ಇದೆಯಾ ನೋಡಿ. ಅದೇ 700.

ಮಳೆ ವಿಚಾರ. ಟವರಿನಿಂದ ಫೋನಿಗೆ ಬರೋ ಸಿಗ್ನಲ್‌ಗೆ ಮಳೆ ಹನಿ ಏನೂ ಮಾಡೋದಿಲ್ಲ. ನೆನೆದ ಎಲೆ ಮಾಡುತ್ತೆ. ಅಡಿಕೆ ಸೋಗೆ, ಹಲಸು, ಮಾವು ಎಲ್ಲಾ ನೀರು ಹೀರಿ ನಿಂತರೆ ಸಿಗ್ನಲ್‌ಗೆ ಒದ್ದೆ ಕಂಬಳಿ ಹೊದಿಸಿದ ಹಾಗೆ. ಇನ್ನೊಂದು ನೋಡಿ, ಟವರಿನಲ್ಲಿ ತಮಟೆಯಂಥ ದುಂಡು ಬಿಳಿ ಡಿಶ್ ಇದೆಯಾ? ಇದ್ದರೆ ಆ ಸೈಟು ಪಕ್ಕದ ಸೈಟಿಗೆ ಮೈಕ್ರೋವೇವ್‌ನಲ್ಲಿ ಮಾತಾಡುತ್ತೆ ಅಂತ ಅರ್ಥ. ಅದರ ಅಲೆ ತುಂಬಾ ಸಣ್ಣದು. ಜೋರು ಮಳೆಗೆ ಅದು ಸೊರಗುತ್ತೆ. ಹಾಗಾಗಿ ಪಕ್ಕದ ಮನೆಯವರದ್ದು ಪೂರ್ತಿ ತಪ್ಪಲ್ಲ.

ಮೇಲೆ ಹತ್ತಿದಾಗ ನಮಗೆ ಮಳೆಗಿಂತ ಹೆಜ್ಜೇನಿನ ಭಯ ಜಾಸ್ತಿ. ಒಂದ್ಸಲ ನಲವತ್ತು ಮೀಟರ್ ಮೇಲೆ, ಬೆಲ್ಟ್ ಹಾಕಿಕೊಂಡು ಎರಡೂ ಕೈಯಲ್ಲಿ ರೇಡಿಯೋ ಹಿಡಿದಿದ್ದೀನಿ, ಗುಂಯ್ ಅಂತ ಕೇಳಿಸ್ತು. ರೇಡಿಯೋ ಬಿಡೋ ಹಾಗಿಲ್ಲ, ಕೈ ಬೀಸೋ ಹಾಗಿಲ್ಲ. ಕಣ್ಣು ಮುಚ್ಚಿ ನಿಂತೆ. ಮೂರೇ ಕಚ್ಚಿದ್ದು, ದೇವರು ದೊಡ್ಡವನು.

ಉತ್ತರ 2: ಹಳೇಎಕ್ಸ್‌ಚೇಂಜ್

ಸರ್, ನಿಮ್ಮ ಅಳಿಯನ ಮಾತು ಅರ್ಧ ನಿಜ. ಆ ಅರ್ಧ ಮೊದಲೇ ಒಪ್ಪಿಕೊಂಡುಬಿಡೋಣ. ರೇಡಿಯೋ ಡಬ್ಬಿ ಬಿಚ್ಚಿದರೆ ಒಳಗಿನ ದೊಡ್ಡ ಚಿಪ್‌ಗಳು ಹೊರಗಿನವೇ. ಬಿಡಿ ಭಾಗ ಎಲ್ಲಾ ತಮ್ಮದೇ ಅಂತ ಹೇಳೋ ದೇಶ ಭೂಮಿ ಮೇಲೆ ಒಂದೂ ಇಲ್ಲ. ಉಳಿದರ್ಧ ಹೇಳೋಕೆ ನಾನು ಸ್ವಲ್ಪ ಹಿಂದೆ ಹೋಗಬೇಕು. ನಿವೃತ್ತಳಾಗಿ ಮೂರು ವರ್ಷ ಆಯ್ತು, ಕೈಯಲ್ಲಿ ಟೈಮ್ ಇದೆ. ಉದ್ದ ಆದರೆ ಕ್ಷಮಿಸಿ.

ನನ್ನ ಸೋದರಮಾವನ ಮನೆ ಕಿತ್ತೂರು. ಚೆನ್ನಮ್ಮನ ಕಿತ್ತೂರು. ನಾನು ಬೆಳಗಾವಿಯಲ್ಲಿ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿದ್ದ ಹೊತ್ತು, 1986. ಆಗ ಬೇರೆ ಊರಿಗೆ ಮಾತಾಡಬೇಕು ಅಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕು. ಬೆಳಗ್ಗೆ ಬುಕ್ ಮಾಡಿದರೆ ಸಂಜೆ ಸಿಕ್ಕರೆ ಪುಣ್ಯ. ಊರಿಗೆ ಹೊಸ ಎಕ್ಸ್‌ಚೇಂಜ್, ಅಂದರೆ ಫೋನ್ ಕರೆ ಜೋಡಿಸೋ ಯಂತ್ರ ಬಂದಿದೆ, ನೋಡು ಬಾ ಅಂತ ಮಾವ ಕರೆದುಕೊಂಡು ಹೋದರು. ನಾನು ಅದಕ್ಕೆ ಮುಂಚೆ ಕಂಡಿದ್ದ ಎಕ್ಸ್‌ಚೇಂಜ್ ಅಂದರೆ ದೊಡ್ಡ ಹಾಲ್, ಸಾಲು ಸಾಲು ಕಬ್ಬಿಣದ ಚೌಕಟ್ಟು, ಒಬ್ಬೊಬ್ಬರು ಡಯಲ್ ಮಾಡಿದಾಗಲೂ ಕಟಕಟ ಕಟಕಟ ಸದ್ದು. ಇಲ್ಲಿ ಸಣ್ಣ ಕೋಣೆ. ಬಟ್ಟೆ ಇಡೋ ಸ್ಟೀಲ್ ಕಪಾಟಿನಂಥದ್ದು ಒಂದು ನಿಂತಿದೆ. ಸದ್ದೇ ಇಲ್ಲ. ಕೆಟ್ಟಿದೆಯೇನೋ ಅಂದುಕೊಂಡೆ! ಅಲ್ಲಿದ್ದವರು ಮುಂದಿನ ಬಾಗಿಲು ತೆಗೆದು ತೋರಿಸಿದರು. ಪುಸ್ತಕ ಜೋಡಿಸಿದ ಹಾಗೆ ಕಾರ್ಡುಗಳು, ಪುಟ್ಟ ಕೆಂಪು ದೀಪಗಳು.

ಅದು ಸಿ-ಡಾಟ್ ಅನ್ನೋ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಮಾಡಿದ ಗ್ರಾಮೀಣ ಎಕ್ಸ್‌ಚೇಂಜ್. 128 ಪೋರ್ಟಿನದು, ಅಂದರೆ ಲೈನ್ ಸಿಕ್ಕಿಸೋಕೆ 128 ಜಾಗ. ಆ ಮಾದರಿಯ ಮೊದಲನೆಯದನ್ನು ನಿಲ್ಲಿಸಿದ್ದೇ ನಮ್ಮ ಕಿತ್ತೂರಿನಲ್ಲಿ. ಸಿ-ಡಾಟ್ ಹುಟ್ಟಿದ್ದು 1984ರ ಆಗಸ್ಟ್‌ನಲ್ಲಿ. ದೂರಸಂಪರ್ಕ ಎಂಜಿನಿಯರ್ ಸ್ಯಾಮ್ ಪಿತ್ರೋಡಾ ಮತ್ತು ಜೊತೆಯವರು 36 ತಿಂಗಳು, 36 ಕೋಟಿ ರೂಪಾಯಿ ಕೊಡಿ, ನಮ್ಮದೇ ಎಕ್ಸ್‌ಚೇಂಜ್ ಮಾಡಿ ಕೊಡ್ತೀವಿ ಅಂತ ಸರ್ಕಾರಕ್ಕೆ ಮಾತು ಕೊಟ್ಟಿದ್ದರು. ಹೊರಗಿನ ಎಕ್ಸ್‌ಚೇಂಜ್‌ಗೆ ಏಸಿ ಇಲ್ಲದೆ ನಡೆಯೋದಿಲ್ಲ. ನಮ್ಮ ಹಳ್ಳಿಯಲ್ಲಿ ಕರೆಂಟೇ ಇಲ್ಲ, ಏಸಿ ಎಲ್ಲಿಂದ? ಹಾಗಾಗಿ ಬಿಸಿಲು, ಧೂಳು ತಡೆದುಕೊಂಡು ಏಸಿ ಇಲ್ಲದೆ ಓಡುವಂಥದ್ದನ್ನೇ ಮಾಡಿದರು.

ಒಂದು ವರ್ಷ ಬಿಟ್ಟು ನನಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಸಿ-ಡಾಟ್ ತಾನೇ ಕಾರ್ಖಾನೆ ಇಟ್ಟುಕೊಳ್ಳಲಿಲ್ಲ. ಡಿಸೈನ್ ಮಾಡಿ, ಸರ್ಕಾರಿ-ಖಾಸಗಿ ಕಾರ್ಖಾನೆಗಳಿಗೆ ತಂತ್ರಜ್ಞಾನ ಕೊಡುತ್ತಿತ್ತು. ಅಂಥ ಒಂದು ಕಾರ್ಖಾನೆಯ ಟೆಸ್ಟಿಂಗ್ ಟೇಬಲ್ಲಿನಲ್ಲಿ ನಾನು ಕೂತೆ. ಹೆಸರು ಬೇಡ, ಅದು ಈಗಿಲ್ಲ.

ಅಲ್ಲಿ ಕಲಿತ ಮೊದಲ ಪಾಠ ಹೇಳ್ತೀನಿ. ಟೇಬಲ್ ಮೇಲೆ ಚಿನ್ನದಂತೆ ಓಡಿದ ಕಾರ್ಡು ಊರಿಗೆ ಹೋದ ಮೇಲೆ ಸುಮ್ಮನಾಗಿಬಿಡುತ್ತಿತ್ತು. ವಾಪಸ್ ಬಂದರೆ ಮತ್ತೆ ಚಿನ್ನ. ನಮ್ಮ ಮೇಲೇ ಅನುಮಾನ. ಎರಡು ತಿಂಗಳು ತಲೆ ಕೆಡಿಸಿಕೊಂಡೆವು. ಕೊನೆಗೆ ನಮ್ಮ ಫೋರ್‌ಮನ್ ಆರು ಕಾರ್ಡನ್ನು ಕಪಾಟಿನ ಸಮೇತ ಜೀಪಿನ ಹಿಂದೆ ಹಾಕಿ, ಹೊಸಕೋಟೆ ಕಡೆ ಜಲ್ಲಿ ರಸ್ತೆಯಲ್ಲಿ ಅರ್ಧ ದಿನ ಓಡಿಸಿಕೊಂಡು ಬಂದರು. ಆರರಲ್ಲಿ ಎರಡು ಸತ್ತಿದ್ದವು. ಕಾರ್ಡು ಹಿಂದಿನ ಕನೆಕ್ಟರಿನಿಂದ ಕೂದಲೆಳೆಯಷ್ಟು ಜರುಗಿತ್ತು. ಲಾರಿಯ ಕುಲುಕಾಟಕ್ಕೆ! ಬಿಚ್ಚಿ ಮತ್ತೆ ಹಾಕಿದರೆ ಸರಿ ಹೋಗೋದು, ಅದಕ್ಕೇ ವಾಪಸ್ ಬಂದಾಗ ಚಿನ್ನ. ಸತ್ತ ಎರಡು ಕಾರ್ಡನ್ನು ಚೀಲದಲ್ಲಿ ಹಾಕಿಕೊಂಡು ಸಿಟಿ ಬಸ್ ಹತ್ತಿ ಡಿಸೈನ್ ಮಾಡಿದ ಹುಡುಗನ ಮೇಜಿನ ಮೇಲೆ ಇಟ್ಟೆ. ಅವನು ನನಗಿಂತ ಎರಡು ವರ್ಷ ದೊಡ್ಡವನಿರಬಹುದು. ಮೊದಲು ನಂಬಲಿಲ್ಲ. ಆಮೇಲೆ ಕಿವಿ ಕೆಂಪಾಯ್ತು. ಎರಡು ವಾರದಲ್ಲಿ ಅದುಮಿ ಹಿಡಿಯೋ ಪಟ್ಟಿ ಇರುವ ಹೊಸ ಡ್ರಾಯಿಂಗ್ ಬಂತು.

ನಿಮ್ಮ ‘ಏನು ನಮ್ಮದು’ ಪ್ರಶ್ನೆಗೆ ನನ್ನ ಉತ್ತರ ಆ ಸಿಟಿ ಬಸ್ಸು. ಕೆಟ್ಟಾಗ ಯಾರ ಮೇಜಿನ ಮೇಲೆ ಇಡೋದು? ಆ ಮೇಜು ಹೊರದೇಶದಲ್ಲಿದ್ದರೆ ಕಾಗದ ಬರೆದು ಕಾಯಬೇಕು, ಅವರು ಮುಂದಿನ ವರ್ಷದ ಪಟ್ಟಿಗೆ ಸೇರಿಸ್ತೀವಿ ಅಂತಾರೆ. ಅದಕ್ಕೆ ಬೇರೆ ದುಡ್ಡು.

ಈಗ ನಿಮ್ಮ ಟವರ್. ಅಡಿಕೆ ಮಂಡಿ ಲೆಕ್ಕದಲ್ಲಿ ಹೇಳ್ತೀನಿ. ಮೂಟೆ ಇಳಿಸಿ, ತೂಗಿ, ಒಳಗೆ ಸಾಗಿಸೋ ಹಮಾಲರು ಇರ್ತಾರಲ್ಲ, ಟವರಿನ ರೇಡಿಯೋ ಹಾಗೆ. ಗದ್ದುಗೆ ಮೇಲೆ ಕೂತು ಯಾರ ಮೂಟೆ, ಎಷ್ಟು ಬಾಕಿ, ಯಾವ ಲಾರಿಗೆ ಹೋಗಬೇಕು ಅಂತ ಬರೆಯೋ ಗುಮಾಸ್ತ ಇರ್ತಾನಲ್ಲ, ಅದು ‘ಕೋರ್’. ನಿಮ್ಮ ಸಿಮ್ ಅಸಲಿಯಾ, ನೀವು ಈಗ ಯಾವ ಟವರಿನ ಕೆಳಗಿದ್ದೀರಿ, ಕರೆ ಎಲ್ಲಿಗೆ ಕಳಿಸಬೇಕು, ಎಲ್ಲಾ ಅದೇ ನೋಡೋದು. ಈ ಕೋರ್ ಸಿ-ಡಾಟ್‌ನದು. ರೇಡಿಯೋ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು. 2000ದಲ್ಲಿ ಶುರುವಾದ ಕಂಪನಿ. ಮೊದಲು ಮಾಡುತ್ತಿದ್ದದ್ದು ಫೈಬರ್ ಉಪಕರಣ, 2021ರಲ್ಲಿ ಟಾಟಾ ಗುಂಪು ಅದನ್ನು ತಗೊಂಡಿತು. ಇವೆರಡನ್ನೂ ಕೂಡಿಸಿ, ಕಟ್ಟಿ, ನಡೆಸಿ ಕೊಡೋ ಜವಾಬ್ದಾರಿ ಟಿಸಿಎಸ್‌ದು. ಅಂದರೆ ಸರ್ಕಾರಿ ಸಂಶೋಧನಾ ಸಂಸ್ಥೆ ಒಂದು, ಖಾಸಗಿ ಕಂಪನಿ ಎರಡು, ಗಿರಾಕಿ ಸರ್ಕಾರಿ ಕಂಪನಿ. ಚಿಪ್ ಹೊರಗಿನದಾದರೂ ಅದರ ಮೇಲೆ ಓಡೋ ಪ್ರೋಗ್ರಾಂ, ಬೋರ್ಡಿನ ಡಿಸೈನ್ ಇವರದು. ಬದಲಾಯಿಸಬೇಕು ಅಂದರೆ ಕೀಲಿ ಇವರ ಕೈಯಲ್ಲಿದೆ.

ಹದಿಮೂರು ವರ್ಷ ಯಾಕೆ ಅಂದಿರಿ. ಪೂರ್ತಿ ಹದಿಮೂರೂ ತಂತ್ರಜ್ಞಾನದ ತಲೆಗೆ ಕಟ್ಟಬೇಡಿ. ಬಿಎಸ್‌ಎನ್‌ಎಲ್‌ಗೆ 4ಜಿ ಸ್ಪೆಕ್ಟ್ರಂ, ಅಂದರೆ ರೇಡಿಯೋ ಅಲೆಗಳ ಪಾಲು ಕೊಡುವ ತೀರ್ಮಾನ ಆಗಿದ್ದೇ 2019ರ ಅಕ್ಟೋಬರಿನಲ್ಲಿ. ಮುಂದಿನ ವರ್ಷ ಕರೆದ ಟೆಂಡರ್ ರದ್ದಾಯ್ತು, ಇಲ್ಲಿಯದೇ ಉಪಕರಣ ಆಗಬೇಕು ಅಂತ ಷರತ್ತು ಬಂತು. 2021ರ ಅಕ್ಟೋಬರಿನಲ್ಲಿ ಪರೀಕ್ಷಾ ಜಾಲದಲ್ಲಿ ಮೊದಲ ಕರೆ ಹೋಯ್ತು. 2023ರಲ್ಲಿ ಒಂದು ಲಕ್ಷ ಸೈಟಿನ ಆರ್ಡರ್. 2025ಕ್ಕೆ ಉದ್ಘಾಟನೆ.

ನೋಡಿ, ಮೊದಲ ಕರೆಯಿಂದ ಉದ್ಘಾಟನೆಗೆ ನಾಲ್ಕು ವರ್ಷ. ಹೊರಗಿನವರಿಗೆ ಇದು ಸೋಮಾರಿತನ ಅನಿಸುತ್ತೆ. ನನಗೆ ಜೀಪಿನ ಅರ್ಧ ದಿನ ನೆನಪಾಗುತ್ತೆ. ಒಂದು ಫೋನು ಒಂದು ಟವರಿನ ಜೊತೆ ಮಾತಾಡೋದು ಬೇರೆ. ಬಸ್ಸಿನಲ್ಲಿ ಕೂತವನ ಕರೆ ಒಂದು ಟವರಿಂದ ಇನ್ನೊಂದಕ್ಕೆ ಕಟ್ಟಾಗದೆ ದಾಟಬೇಕು. ಜಾತ್ರೆ ದಿನ ಸಾವಿರಾರು ಫೋನ್ ಒಟ್ಟಿಗೆ ಬಾಗಿಲು ತಟ್ಟಬೇಕು. ಹಳೇ 2ಜಿ ಫೋನಿನವರು ಹೊರಗುಳಿಯಬಾರದು. ಅಂಗಡಿಯಲ್ಲಿ ಸಿಗೋ ನೂರಾರು ತರಹದ ಫೋನುಗಳ ನೂರಾರು ತಿಕ್ಕಲಿಗೆ ಒಗ್ಗಬೇಕು. ಇದನ್ನೆಲ್ಲ ಯಾವ ಲ್ಯಾಬೂ ಕಲಿಸೋದಿಲ್ಲ. ಲ್ಯಾಬಿನವರಿಗೆ ಪೇಪರ್ ಬರೆದರೆ ಆಯ್ತು, ಕಂಪನಿಯವರಿಗೆ ಆರ್ಡರ್ ಬಂದರೆ ಆಯ್ತು. ನಡುವಿನ ಈ ಜಲ್ಲಿ ರಸ್ತೆ ಯಾರ ಕೆಲಸವೂ ಅಲ್ಲ ಅಂತ ಬಿಟ್ಟಿದ್ದಕ್ಕೇ ನಮ್ಮಲ್ಲಿ ಎಷ್ಟೋ ಒಳ್ಳೆ ಕೆಲಸ ಕಪಾಟು ಸೇರಿದ್ದು.

ಎಲ್ಲಾ ಸಲ ಹಾಗಾಗಿಲ್ಲ ಅನ್ನಿ. ಮದ್ರಾಸ್ ಐಐಟಿಯಲ್ಲಿ ಅಶೋಕ್ ಝುಂಝುನ್‌ವಾಲಾ ಅವರ ಗುಂಪು ಮತ್ತು ಮೈಡಾಸ್ ಅನ್ನೋ ಕಂಪನಿ ಸೇರಿ ತೊಂಬತ್ತರ ದಶಕದಲ್ಲಿ ಕೋರ್‌ಡೆಕ್ಟ್ ಅಂತ ಮಾಡಿದ್ದರು. ಚಿಪ್ ಕೆಲಸಕ್ಕೆ ಅಮೆರಿಕದ ಅನಲಾಗ್ ಡಿವೈಸಸ್ ಜೊತೆಗಿತ್ತು. ಮನೆ ಮೇಲೆ ಸಣ್ಣ ಆಂಟೆನಾ ಇಟ್ಟರೆ ವೈರಿಲ್ಲದೆ ಫೋನೂ ಬರೋದು, ಇಂಟರ್ನೆಟ್ಟೂ ಬರೋದು. 70 ಕಿಲೋಬಿಟ್ ವೇಗ, ಫೋನಿನಲ್ಲಿ ಮಾತಾಡ್ತಾ ಇದ್ದರೆ 35. ನಗಬೇಡಿ. ಆ ಕಾಲಕ್ಕೆ ಹಳ್ಳಿಯಲ್ಲಿ ಅದು ರಾಜವೈಭೋಗ. 10 ಕಿಲೋಮೀಟರ್ ಮುಟ್ಟುತ್ತಿತ್ತು, ನಡುವೆ ರಿಲೇ ಇಟ್ಟರೆ 25. ಆಮೇಲೆ ಮೊಬೈಲ್ ಅಗ್ಗವಾಗಿ ಎಲ್ಲಾ ಅದರ ಹಿಂದೆ ಹೋಯ್ತು. ಆದರೆ ಅಲ್ಲಿ ಕಲಿತ ಹುಡುಗರು ಎಲ್ಲೂ ಹೋಗಲಿಲ್ಲ.

ಉತ್ತರ 3: ಲೆಕ್ಕಪತ್ರ

ಕಥೆ ಚೆನ್ನಾಗಿದೆ ಮೇಡಂ. ಆದರೆ ದುಡ್ಡಿನ ಲೆಕ್ಕವೂ ಬರಲಿ. 2018ರ ಮಾರ್ಚಿನಲ್ಲಿ 5ಜಿ ಟೆಸ್ಟ್‌ಬೆಡ್, ಅಂದರೆ ಹೊಸ ಉಪಕರಣ ಪರೀಕ್ಷೆ ಮಾಡೋ ಜಾಲ, ಅಂತ 224 ಕೋಟಿ ಮಂಜೂರು ಮಾಡಿದರು. ಎಂಟು ಸಂಸ್ಥೆ. ಉದ್ಘಾಟನೆ ಆಗಿದ್ದು 2022ರ ಮೇ 17ಕ್ಕೆ. ಅದೇ ವರ್ಷ ಅಕ್ಟೋಬರ್ 1ಕ್ಕೆ ದೇಶದಲ್ಲಿ 5ಜಿ ಬಂದೇಬಿಟ್ಟಿತು, ಖಾಸಗಿಯವರು ಎರಿಕ್ಸನ್, ನೋಕಿಯಾ, ಸ್ಯಾಮ್‌ಸಂಗ್ ಉಪಕರಣ ಹಾಕಿದರು. ಮದುವೆ ಮುಗಿದ ಮೇಲೆ ಓಲಗ ಊದಿದ ಹಾಗಾಯ್ತಲ್ವಾ?

ಉತ್ತರ 4: ಬೀಪ್‌ಬೀಪ್

ಲೆಕ್ಕಪತ್ರ ಅವರೇ, ನಾನು ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ರೇಡಿಯೋ ಸಾಫ್ಟ್‌ವೇರ್ ಬರೆಯೋಳು. ಹನ್ನೆರಡು ಜನರ ಆಫೀಸು. ಕೆಳಗೆ ಬೇಕರಿ ಇದೆ, ಸಂಜೆ ಐದಕ್ಕೆ ಬಿಸಿ ದಿಲ್‌ಪಸಂದ್ ವಾಸನೆ ಬಂದರೆ ಯಾರೂ ಕೋಡ್ ಬರೆಯೋದಿಲ್ಲ. ನಮ್ಮಂಥವರ ಕಡೆಯಿಂದ ಹೇಳ್ತೀನಿ.

5ಜಿ ರೇಡಿಯೋ ಮಾಡಿದ್ದೀವಿ ಅಂತ ನಾವು ಹೇಳಿದರೆ ಸಾಲದು. ಇನ್ನೊಬ್ಬರ ಕೋರ್ ಜೊತೆ ಇದು ಓಡುತ್ತೆ ಅಂತ ತೋರಿಸಬೇಕು. ಅಳತೆ ಯಂತ್ರಗಳ ಬೆಲೆ ಕೇಳಿದರೆ ನಮ್ಮ ಕಂಪನಿಯನ್ನೇ ಮಾರಬೇಕು. ಟೆಸ್ಟ್‌ಬೆಡ್ ಇಲ್ಲದಿದ್ದಾಗ ದಾರಿ ಒಂದೇ, ಡಬ್ಬಿ ಕಟ್ಟಿಕೊಂಡು ಹೊರದೇಶಕ್ಕೆ ಹೋಗೋದು. ಈಗ ಐದು ಕಡೆ ಇದೆ, ಅದರಲ್ಲೊಂದು ನಮ್ಮ ಐಐಎಸ್‌ಸಿ. ನಮ್ಮದೇ ಅನುಭವ ಹೇಳಬೇಕು ಅಂದರೆ, ಒಂದು ಟೆಸ್ಟ್‌ಬೆಡ್‌ಗೆ ನಮ್ಮ ರೇಡಿಯೋ ತಗೊಂಡು ಹೋದ ಮೊದಲ ದಿನ ಫೋನ್ ಅದನ್ನು ನೋಡಲೇ ಇಲ್ಲ. ಸಂಜೆವರೆಗೆ ಕಣ್ಣು ಕೆಂಪಾಗೋ ತನಕ ಹುಡುಕಿದರೆ, ಗಡಿಯಾರದ ಹೊಂದಾಣಿಕೆ ಕೆಲವು ಮೈಕ್ರೋಸೆಕೆಂಡ್ ಆಚೀಚೆ. ನನ್ನದೇ ತಪ್ಪು, ಒಂದು ಸಾಲು ಕೋಡು. ಆಟೋದಲ್ಲಿ ಹೋಗಿದ್ದೆವು, ಆಟೋದಲ್ಲಿ ವಾಪಸ್ ಬಂದೆವು. ಹಳೇಎಕ್ಸ್‌ಚೇಂಜ್ ಮೇಡಂ ಸಿಟಿ ಬಸ್ಸು ನೆನಪಾಯ್ತು.

ಓಲಗದ ಮಾತಿಗೆ ಬಂದರೆ, ನಗರದ 5ಜಿ ಮದುವೆಗೆ ತಡ ಆಯ್ತು ಅನ್ನೋದನ್ನು ನಾನೂ ಒಪ್ತೀನಿ. ಆದರೆ ಟೆಸ್ಟ್‌ಬೆಡ್ ಕಟ್ಟಿದ ಗುಂಪುಗಳಲ್ಲಿ ಕೆಲವು ಸೇರಿ ಮಾಡಿದ ಒಂದು ಕೆಲಸ ಯಾರ ಬಾಯಲ್ಲೂ ಬರೋದಿಲ್ಲ. ಅದು ಅಡಿಕೆಚೊಗರು ಅಂಕಲ್ ಮನೆಯಂಥ ಜಾಗಕ್ಕೇ ಸಂಬಂಧಪಟ್ಟದ್ದು.

5ಜಿ ಹೇಗಿರಬೇಕು ಅಂತ ಐಟಿಯು ಅನ್ನೋ ವಿಶ್ವಸಂಸ್ಥೆಯ ಅಂಗ ನಿಯಮ ಬರೆಯುವಾಗ, ಹಳ್ಳಿ ಅಂದರೆ ಟವರಿನಿಂದ ಟವರಿಗೆ 1.7 ಕಿಲೋಮೀಟರ್ ದೂರ ಅಂತ ಲೆಕ್ಕ ಇಟ್ಟುಕೊಂಡಿದ್ದರು. ನಮ್ಮ ಹಳ್ಳಿಗಳಲ್ಲಿ ಅಷ್ಟು ಹತ್ತಿರ ಯಾರು ಟವರ್ ಹಾಕ್ತಾರೆ? ನಮ್ಮವರು 6 ಕಿಲೋಮೀಟರ್ ದೂರದ ಲೆಕ್ಕವೂ ಸೇರಬೇಕು ಅಂತ ಪಟ್ಟು ಹಿಡಿದರು, ಅದು ಸೇರಿತು. ಟಿಎಸ್‌ಡಿಎಸ್‌ಐ ಅನ್ನೋ ನಮ್ಮ ಮಾನದಂಡ ಸಂಸ್ಥೆ, ಮದ್ರಾಸ್ ಮತ್ತು ಹೈದರಾಬಾದ್ ಐಐಟಿ, ಸೀವಿಟ್ ಅನ್ನೋ ವೈರ್‌ಲೆಸ್ ಸಂಶೋಧನಾ ಕೇಂದ್ರ, ಕಂಪನಿಗಳು, ಎಲ್ಲಾ ಸೇರಿ ಮಾಡಿದ ಕೆಲಸ.

ದೂರ ಜಾಸ್ತಿಯಾದರೆ ಸೋಲೋದು ಟವರ್ ಅಲ್ಲ, ನಿಮ್ಮ ಕೈಯಲ್ಲಿರೋ ಫೋನು. ಟವರ್ ಹತ್ತಾರು ವ್ಯಾಟ್‌ನಲ್ಲಿ ಮಾತಾಡುತ್ತೆ. ಫೋನಿಗೆ ಇರೋದು 0.2 ವ್ಯಾಟ್. ಅವರ ಕೈಯಲ್ಲಿ ಮೈಕು, ನಿಮ್ಮದು ಬರೀ ಗಂಟಲು. ಅವರು ಹೇಳಿದ್ದು ನಿಮಗೆ ಕೇಳಿಸುತ್ತೆ, ನೀವು ಓಗೊಟ್ಟಿದ್ದು ಅವರಿಗೆ ಕೇಳಿಸೋದಿಲ್ಲ. ಪೂರ್ತಿ ಕಡ್ಡಿ ಇದ್ದರೂ ಫೋಟೋ ಮಾತ್ರ ಹೋಗದೆ ಸುತ್ತುತ್ತಾ ಇರುತ್ತಲ್ಲ, ಎಷ್ಟೋ ಸಲ ಅದಕ್ಕೆ ಇದೇ ಕಾರಣ.

ಫೋನಿನ ಒಳಗೆ ಸಿಗ್ನಲ್ ದೊಡ್ಡದು ಮಾಡೋ ಆಂಪ್ಲಿಫೈಯರ್ ಇದೆ. ಮಾಮೂಲಿ ಸಿಗ್ನಲ್ ಏರುಪೇರು ಜಾಸ್ತಿ. ಒಮ್ಮೆ ಪಿಸುಮಾತು, ಮರುಕ್ಷಣ ಕಿರುಚಾಟ. ಕಿರುಚಿದಾಗ ಒಡೆಯಬಾರದು ಅಂತ ಆಂಪ್ಲಿಫೈಯರನ್ನು ಯಾವಾಗಲೂ ತಗ್ಗಿಸಿಯೇ ಇಟ್ಟಿರಬೇಕು. ನಮ್ಮವರು ತಂದ ಉಪಾಯದಲ್ಲಿ ಫೋನು ಒಂದೇ ಮಟ್ಟದಲ್ಲಿ ಮಾತಾಡುತ್ತೆ, ದೂರದ ಗದ್ದೆಯಲ್ಲಿರೋರನ್ನ ‘ಕೂ…’ ಅಂತ ಕರೆದ ಹಾಗೆ. ಏರುಪೇರು ಇಲ್ಲದ್ದಕ್ಕೆ ಅದೇ ಆಂಪ್ಲಿಫೈಯರಿನಿಂದ ಜಾಸ್ತಿ ಶಕ್ತಿ ಹಿಂಡಬಹುದು. ವೇಗ ಕಡಿಮೆ, ಆದರೆ ಮುಟ್ಟುತ್ತೆ.

ಇದನ್ನು ಸೇರಿಸಿ 5ಜಿಐ ಅಂತ ಭಾರತದ್ದೇ ಮಾನದಂಡ ಮಾಡಿದರು. 2021ರಲ್ಲಿ ಐಟಿಯು ಒಪ್ಪಿತು. ಆಮೇಲೆ ಶುರುವಾಯ್ತು ಜಗಳ. ಬೇರೆ ಮಾನದಂಡ ಅಂದರೆ ಬೇರೆ ಫೋನು, ಬೇರೆ ಉಪಕರಣ, ಬೆಲೆ ಏರುತ್ತೆ ಅಂತ ಮೊಬೈಲ್ ಕಂಪನಿಗಳು ವಿರೋಧ ಮಾಡಿದವು. ನನ್ನ ಮಟ್ಟಿಗೆ ಅವರ ಮಾತಲ್ಲಿ ನ್ಯಾಯ ಇತ್ತು. ಕೊನೆಗೆ ಪ್ರಪಂಚಕ್ಕೆಲ್ಲ ಒಂದೇ ಆದ 3ಜಿಪಿಪಿ ಮಾನದಂಡದ 17ನೇ ಆವೃತ್ತಿಯೊಳಗೆ ಸೇರಿಸಿದರು. ಬಾವುಟ ಸೇರಿಹೋಯ್ತು, ಕೆಲಸ ಉಳಿಯಿತು. ಕೆಲವರಿಗೆ ಇದು ಸೋಲು ಅನಿಸಿದೆ. ನನಗೆ ಹಾಗನಿಸಿಲ್ಲ.

ಅಂಕಲ್, ನಿಮ್ಮ ಅಳಿಯನಿಗೆ ಹೇಳೋಕೆ ಒಂದು ಸುದ್ದಿ. 2019ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಿಗ್ನಲ್‌ಚಿಪ್ ಅನ್ನೋ ಕಂಪನಿ ಇಲ್ಲೇ ಡಿಸೈನ್ ಮಾಡಿದ 4ಜಿ-5ಜಿ ಮೋಡೆಮ್ ಚಿಪ್‌ಗಳನ್ನು ತೋರಿಸಿತು. ಆ ಚಿಪ್ ಸರಣಿಯ ಹೆಸರು ಗೊತ್ತಾ? ಆಗುಂಬೆ! ಅದು ನಿಮ್ಮ ಟವರಿನಲ್ಲಿದೆ ಅಂತ ನಾನು ಹೇಳ್ತಿಲ್ಲ. ಡಿಸೈನ್ ಇಲ್ಲಿ ಆದರೂ ಅಚ್ಚು ಹಾಕೋದು ಹೊರಗೇ. ಆದರೂ ಮಾವ ಆಗುಂಬೆ ರಸ್ತೆಯವರು ಅಲ್ವಾ, ಮುಂದಿನ ಹಬ್ಬಕ್ಕೆ ಇಟ್ಟುಕೊಳ್ಳಿ.

ಮತ್ತೆ ಅಡಿಕೆಚೊಗರು

ಎಲ್ಲರಿಗೂ ದೊಡ್ಡ ನಮಸ್ಕಾರ. ಎರಡು ಸಲ ಓದಿದೆ, ಮನೆಯವಳಿಗೂ ಓದಿ ಹೇಳಿದೆ. ಅವಳಿಗೆ ಹಿಡಿಸಿದ್ದು ಹೆಜ್ಜೇನಿನದು ಮಾತ್ರ. ಮಂಜಣ್ಣಂಗೆ ಸುಣ್ಣ ಹಚ್ಚೋಕೆ ಹೇಳಿ ಅಂದಳು.

ಫೋನಿನ ಡಬ್ಬಿ ಅಟ್ಟದಲ್ಲಿ ಸಿಕ್ಕಿತು. ಒಳಗೆ ಗಾಳದ ದಾರ ಇಟ್ಟಿದ್ದೆ. ಹಿಂದೆ ಬರೆದಿದ್ದು 1, 3, 5, 40. ಇಪ್ಪತ್ತೆಂಟು ಇಲ್ಲ. ಮಗಳ ಫೋನಿನದರಲ್ಲಿ ಇದೆ. ಮಂಜಣ್ಣ ಹೇಳಿದ್ದು ಅಕ್ಷರಶಃ ಸರಿ.

ಸಂಜೆ ಟವರ್ ನೋಡಿಕೊಂಡು ಬಂದೆ. ತಮಟೆಯಂಥ ಡಿಶ್ ಒಂದಿದೆ, ಮುಖ ತೀರ್ಥಹಳ್ಳಿ ಕಡೆ. ಬೇಲಿಯ ಒಳಗೆ ಸೋಲಾರ್ ಹಲಗೆಗಳೂ ಇವೆ.

ಅಳಿಯನಿಗೆ ಇದನ್ನೆಲ್ಲ ಕಳಿಸಿದೆ. ಅರ್ಧ ಗಂಟೆ ಉತ್ತರ ಇಲ್ಲ. ಆಮೇಲೆ “ಮಾವ, ಆ ಜಲ್ಲಿ ರಸ್ತೆ ಕಥೆ ನಮ್ಮ ಮ್ಯಾನೇಜರ್‌ಗೆ ಕಳಿಸ್ಲಾ?” ಅಂತ ಬಂತು. ಕಳಿಸಬಹುದಾ ಮೇಡಂ? ಮತ್ತೆ ಮಂಜಣ್ಣ, ಹೊಸ ಫೋನು ತಗೊಳ್ಳೋದೇ ಆದರೆ ಅಂಗಡೀಲಿ ಏನು ಕೇಳಬೇಕು?

ಹಳೇಎಕ್ಸ್‌ಚೇಂಜ್

ಧಾರಾಳವಾಗಿ ಕಳಿಸಲಿ. ಫೋರ್‌ಮನ್ ಇದ್ದಿದ್ದರೆ ನಕ್ಕು ನಕ್ಕು ಸುಸ್ತಾಗೋರು. ಬೀಪ್‌ಬೀಪ್, ಒಂದು ದಿನ ಸಂಜೆ ಐದಕ್ಕೆ ನಿಮ್ಮ ಆಫೀಸಿಗೆ ಬರ್ತೀನಿ. ದಿಲ್‌ಪಸಂದ್‌ಗೆ.

ಟವರ್‌ಮಂಜ

ಅಂಗಡಿಯವರನ್ನ ಕೇಳಬೇಡಿ ಯಜಮಾನ್ರೇ, ಎಲ್ಲಾ ಇದೆ ಅಂತಾರೆ. ಮಾಡೆಲ್ ಹೆಸರು ಬರ್ಕೊಂಡು ಬಂದು ಮಗಳ ಹತ್ರ ಕೊಡಿ. ಅವಳು ಕಂಪನಿಯ ವೆಬ್‌ಸೈಟಲ್ಲಿ 28 ಇದೆಯಾ ನೋಡ್ಲಿ. ಕರೆ ಸರಿಯಾಗಿ ಹೋಗಬೇಕು ಅಂದರೆ ವೋಲ್ಟಿ, ಅಂದರೆ 4ಜಿಯಲ್ಲೇ ಮಾತಾಡೋ ಸೌಲಭ್ಯ ಇದೆಯಾ ಅಂತಾನೂ ನೋಡಿಸಿ. ಸಾಧ್ಯ ಆದರೆ ನಿಮ್ಮ ಸಿಮ್ ಅಂಗಡಿಗೆ ಒಯ್ದು ಹಾಕಿ, ದುಡ್ಡು ಕೊಡೋ ಮುಂಚೆ ಒಂದು ಕರೆ ಮಾಡಿ. ಮತ್ತೆ ಸುಣ್ಣ ಹಚ್ಚಿದೀನಿ ಅಂತ ಅಮ್ಮಂಗೆ ಹೇಳಿ.